ಇಂಗ್ಲಿಷ್ ಅಧ್ಯಯನ ಮತ್ತು ಸೃಜನಶೀಲ ಬರವಣಿಗೆ: ಬರ್ಮಿಂಗ್‌ಹ್ಯಾಮ್, ನಾರ್ವಿಚ್ ಹಾಗೂ ಕನ್ನಡ

ಆಧುನಿಕ ಕನ್ನಡ ಸಾಹಿತ್ಯವು ಇಂಗ್ಲಿಷ್ ವಿಭಾಗಗಳಿಗೆ ಋಣಿಯಾಗಿದೆಯೆಂಬ ಮಾತು ನಮ್ಮ ವಿಮರ್ಶೆಯಲ್ಲಿ ರೂಢವಾಗಿದೆ. ಆದರೆ ಆ ಋಣದ ಸ್ವರೂಪವೇನು? ವಿಶ್ವವಿದ್ಯಾಲಯದಲ್ಲಿ ಸಾಹಿತ್ಯವನ್ನು ಓದುವುದಕ್ಕೂ ಬರೆಯುವುದಕ್ಕೂ ಇರುವ ಸಂಬಂಧ ಇತರೆಡೆ ಹಿಡಿದ ದಾರಿಯನ್ನೇ ಕನ್ನಡದಲ್ಲಿಯೂ ಹಿಡಿಯಿತೇ? ಪ್ರಸ್ತುತ ಲೇಖನದಲ್ಲಿ ನಾವು ಈ ಪ್ರಶ್ನೆಗಳನ್ನು ಒಂದು ನಿರ್ದಿಷ್ಟ ನಿದರ್ಶನದ ಮೂಲಕ ಪರಿಶೀಲಿಸಬಯಸುತ್ತೇವೆ.

ಸೃಜನಶೀಲ ಕೃತಿಯೊಂದನ್ನು ಪದವಿಗೆ ಅರ್ಹವಾದ ಪ್ರಬಂಧವೆಂದು ಸ್ವೀಕರಿಸುವ ನಿಲುವನ್ನು ಅಮೆರಿಕದ ಅಯೋವಾ ವಿಶ್ವವಿದ್ಯಾಲಯವು 1922ರಲ್ಲಿಯೇ ತಳೆದಿತ್ತು. 1936ರಲ್ಲಿ ಅಲ್ಲಿ ಲೇಖಕರ ಕಮ್ಮಟವು ಸ್ಥಾಪಿತವಾಯಿತು. ಇಂಗ್ಲೆಂಡಿನಲ್ಲಿ ಇಂಥ ವ್ಯವಸ್ಥೆ ಬಹಳ ತಡವಾಗಿ ಬಂದಿತು. ನಾರ್ವಿಚ್‌ನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯದಲ್ಲಿ ಕಾದಂಬರಿಕಾರರಾದ ಮಾಲ್ಕಮ್ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಅವರು 1970ರಲ್ಲಿ ಸೃಜನಶೀಲ ಬರವಣಿಗೆಗೆ ಸ್ನಾತಕೋತ್ತರ ಪದವಿಯಲ್ಲಿ ಸ್ಥಾನ ಕಲ್ಪಿಸಿದರು. ಅದರ ಮೊದಲ ವಿದ್ಯಾರ್ಥಿ ಇಯಾನ್ ಮೆಕ್‌ಯೂಯನ್. ಮುಂದೆ 2017ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕಜುವೊ ಇಶಿಗುರೊ ಅವರೂ 1980ರಲ್ಲಿ ಅಲ್ಲಿಂದಲೇ ಪದವಿ ಪಡೆದವರು.

ಕನ್ನಡದ ದೃಷ್ಟಿಯಿಂದ ಗಮನಾರ್ಹವಾದುದು ಈ ಆರಂಭಕ್ಕೂ ಹಿಂದಿನ ಸಂಗತಿ. ನಾರ್ವಿಚ್‌ಗೆ ಹೋಗುವ ಮುನ್ನ ಬ್ರಾಡ್‌ಬರಿ ಅವರು ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರು. ಅಲ್ಲಿ ಅವರ ಬಳಿ ಸಂಶೋಧನೆಗೆ ತೊಡಗಿದ್ದವರು ಯು. ಆರ್. ಅನಂತಮೂರ್ತಿ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮುಗಿಸಿ ಹೋಗಿದ್ದ ಅವರ ಸಂಶೋಧನೆಯ ವಿಷಯ 1930ರ ದಶಕದ ಇಂಗ್ಲಿಷ್ ಕಾದಂಬರಿ ಮತ್ತು ರಾಜಕೀಯ. ಇಂಗ್‌ಮಾರ್ ಬರ್ಗ್‌ಮನ್ ಅವರ 'ದಿ ಸೆವೆಂತ್ ಸೀಲ್' ಚಿತ್ರವನ್ನು ಗುರುವಿನೊಡನೆ ನೋಡಿದ್ದು, ಯೂರೋಪಿನವರು ಗ್ರಂಥಗಳಿಂದ ಕಟ್ಟಿಕೊಳ್ಳಬೇಕಾದ ಮಧ್ಯಯುಗವು ಭಾರತೀಯನ ನೆನಪಿನೊಳಗೆ ಇನ್ನೂ ಜೀವಂತವಾಗಿದೆಯೆಂಬ ವಿಚಾರ ಆ ಸಂದರ್ಭದಲ್ಲಿ ಮೂಡಿದ್ದು, 'ಸಂಸ್ಕಾರ'ಕ್ಕೆ ಅದರಿಂದ ಪ್ರೇರಣೆ ದೊರೆತದ್ದು - ಇವನ್ನು ಅನಂತಮೂರ್ತಿಯವರೇ ನೆನೆದಿದ್ದಾರೆ. ಕಾದಂಬರಿ 1965ರಲ್ಲಿ ಪ್ರಕಟವಾಯಿತು, ಪಿಎಚ್.ಡಿ. ಪದವಿ 1966ರಲ್ಲಿ ದೊರೆಯಿತು.

ಈ ಎರಡು ಕೃತಿಗಳ ಗತಿಯನ್ನು ಹೋಲಿಸಬೇಕು. ಪ್ರೌಢಪ್ರಬಂಧ ಇಂಗ್ಲಿಷಿನದು, ಪದವಿಗೆ ಸಂದದ್ದು. ಕಾದಂಬರಿ ಕನ್ನಡದ್ದು, ಪದವಿಯ ಲೆಕ್ಕಕ್ಕೆ ಬಾರದ್ದು. ಐದೇ ವರ್ಷಗಳ ತರುವಾಯ ಅದೇ ಗುರುವು ನಾರ್ವಿಚ್‌ನಲ್ಲಿ ಕಥೆಗಳಿಗೆ ಪದವಿಯೊಳಗೆ ಸ್ಥಾನ ದೊರಕಿಸಿಕೊಟ್ಟರು. ಬರ್ಮಿಂಗ್‌ಹ್ಯಾಮ್ ಅನುಭವವೇ ನಾರ್ವಿಚ್ ಯೋಜನೆಗೆ ಕಾರಣವೆಂದು ನಾವು ಹೇಳುತ್ತಿಲ್ಲ. ಅಂಥ ಕಾರ್ಯಕಾರಣ ಸಂಬಂಧಕ್ಕೆ ಆಧಾರ ಬೇಕು. ಒಬ್ಬನೇ ಗುರುವಿನ ಸಮೀಪದಲ್ಲಿ ಎರಡು ಭಿನ್ನ ಪರಂಪರೆಗಳು ಕಾಣಸಿಗುತ್ತವೆಂಬುದಷ್ಟೇ ನಮ್ಮ ಪ್ರತಿಪಾದನೆ. ಮೊದಲನೆಯದರಲ್ಲಿ ಓದಿನ ಭಾಷೆ, ಬರವಣಿಗೆಯ ಭಾಷೆ ಒಂದೇ. ಆದ್ದರಿಂದ ಬರವಣಿಗೆಯು ಪಠ್ಯಕ್ರಮದೊಳಗೆ ಸೇರುವುದು ಸಾಧ್ಯವಾಯಿತು. ಎರಡನೆಯದರಲ್ಲಿ ಓದು ಇಂಗ್ಲಿಷಿನದು, ಬರವಣಿಗೆ ಕನ್ನಡದ್ದು.

ಈ ಎರಡನೆಯ ಪರಂಪರೆ ನವ್ಯಕ್ಕಿಂತ ಹಳೆಯದು. ಮೈಸೂರಿನ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಸಂಕಲನದಿಂದ ಕನ್ನಡ ಭಾವಗೀತೆಗೆ ಹೊಸ ಹಾದಿ ತೆರೆದರು. ವಿ. ಕೃ. ಗೋಕಾಕರು ಪುಣೆಯಲ್ಲಿ ಇಂಗ್ಲಿಷ್ ಬೋಧಿಸಿದವರು, ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. ಗೋಪಾಲಕೃಷ್ಣ ಅಡಿಗ, ಪಿ. ಲಂಕೇಶ್ ಅವರೂ ಇಂಗ್ಲಿಷ್ ಅಧ್ಯಾಪಕರೇ. ಇವರ ಕನ್ನಡ ಬರವಣಿಗೆಯನ್ನು ತಿದ್ದಿ ಪರೀಕ್ಷಿಸುವ ಯಾವ ತರಗತಿಯೂ ಇರಲಿಲ್ಲ. ಕಮ್ಮಟದಲ್ಲಿ ಸಹಪಾಠಿಗಳು ಮಾಡುವ ಕೆಲಸವನ್ನು ಇಲ್ಲಿ ಗೆಳೆಯರ ಕೂಟಗಳೂ ಅಡಿಗರ 'ಸಾಕ್ಷಿ'ಯಂಥ ಪತ್ರಿಕೆಗಳೂ ನಿರ್ವಹಿಸಿದವು. ಅಲ್ಲಿ ತೀರ್ಪು ಅಂಕಗಳ ರೂಪದಲ್ಲಿ ಬರುತ್ತಿರಲಿಲ್ಲ. ಓದುಗರ ಸ್ವೀಕಾರ, ತಿರಸ್ಕಾರಗಳ ರೂಪದಲ್ಲಿ ಬರುತ್ತಿತ್ತು.

ಆದುದರಿಂದ ಪಠ್ಯಕ್ರಮವಿಲ್ಲದಿದ್ದುದನ್ನು ಕೇವಲ ಕೊರತೆಯೆಂದು ಎಣಿಸುವುದು ಸರಿಯಲ್ಲ. ಎರಡು ಭಾಷೆಗಳ ನಡುವಣ ಅಂತರವೇ ಈ ಲೇಖಕರಿಗೆ ತಮ್ಮ ಸಮಾಜವನ್ನು ತುಸು ದೂರದಿಂದ ನೋಡುವ ಶಿಸ್ತನ್ನು ಕಲಿಸಿತೆಂದು ನಾವು ಭಾವಿಸುತ್ತೇವೆ. ಇಂದು ಸೃಜನಶೀಲ ಬರವಣಿಗೆಯನ್ನು ಪದವಿಯ ವಿಷಯವಾಗಿ ರೂಪಿಸುವವರು ಬರವಣಿಗೆಯನ್ನೂ ಇಂಗ್ಲಿಷಿಗೇ ಸೀಮಿತಗೊಳಿಸಿದರೆ ಈ ಅಂತರ ಅಳಿಯುತ್ತದೆ. ಅದರೊಡನೆ ಕನ್ನಡಕ್ಕೆ ಲೇಖಕರು ಬಂದ ಒಂದು ದಾರಿಯೂ ಮುಚ್ಚುತ್ತದೆ. ಒಂದು ಭಾಷೆಯಲ್ಲಿ ಕಲಿತು ಇನ್ನೊಂದರಲ್ಲಿ ಬರೆಯುವುದು ಹೊರನಾಡ ಕನ್ನಡಿಗರ ನಿತ್ಯದ ಅನುಭವ. ಮುಂಬಯಿ, ಪುಣೆ, ಹೈದರಾಬಾದುಗಳ ಕಾಲೇಜುಗಳಲ್ಲಿ ಹೀಗೆ ಬರೆದವರ ಚರಿತ್ರೆಯನ್ನು ಅಲ್ಲಿಯ ಸಂಶೋಧಕರೇ ಕೈಗೆತ್ತಿಕೊಳ್ಳುವುದು ಉಚಿತ.