ಸುಮ್ಮನೆ ಕೂತ ವಾಕಿಟಾಕಿಯ ಹಸಿವು

ಮಾತಾಡಿದ್ರೆ ಬ್ಯಾಟರಿ ಖಾಲಿಯಾಗುತ್ತೆ, ಸುಮ್ಮನಿದ್ರೆ ಉಳಿಯುತ್ತೆ. ವಾಕಿಟಾಕಿ ಬಗ್ಗೆ ನಮ್ಮಲ್ಲಿ ಬಹುತೇಕರ ತಿಳುವಳಿಕೆ ಇಷ್ಟೇ. ನನ್ನದೂ ಅಷ್ಟೇ ಇತ್ತು, 2018ರ ಫೆಬ್ರವರಿವರೆಗೆ.

ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ. ನಾನು ವಿಂಧ್ಯಗಿರಿ ಮೇಲೆ, ನಮ್ಮ ಓಬಿ ವ್ಯಾನ್ ಕೆಳಗೆ. ಅಷ್ಟು ಜನ ಸೇರಿದ ಕಡೆ ಮೊಬೈಲ್ ನಂಬೋ ಹಾಗಿಲ್ಲ ಅಂತ ನಾಲ್ಕು ವಾಕಿಟಾಕಿ ಬಾಡಿಗೆಗೆ ತಂದಿದ್ವಿ. ಕೊಟ್ಟವನು "ಹತ್ತು ಗಂಟೆ ಬರುತ್ತೆ ಸಾರ್, ಯೋಚ್ನೆ ಮಾಡ್ಬೇಡಿ" ಅಂದಿದ್ದ. ಬೆಳಗ್ಗೆ 6ಕ್ಕೆ ಆನ್ ಮಾಡಿದ ಸೆಟ್ಟು 11 ಆಗೋ ಮೊದಲೇ ಕೀಂ ಕೀಂ ಅಂತ ಅತ್ತು ಕಣ್ಣು ಮುಚ್ಚಿತು. ನಾನು ಅದರಲ್ಲಿ ಹತ್ತು ಮಾತು ಆಡಿರಲಿಲ್ಲ. ಪಕ್ಕದಲ್ಲಿ ಬಂದೋಬಸ್ತ್‌ಗೆ ನಿಂತಿದ್ದ ಮುಖ್ಯಪೇದೆಯೊಬ್ಬರು, ಹೊಳೆನರಸೀಪುರ ಕಡೆಯವರು, ನಕ್ಕರು. "ನೀವು ಮಾತಾಡಿಲ್ಲ, ಸರಿ ಸಾರ್. ಅವ್ರೆಲ್ಲಾ ಮಾತಾಡಿದ್ದನ್ನ ಕೇಳ್ತಾ ನಿಂತಿದ್ರಲ್ಲಾ?" ಅಂದು ತಮ್ಮ ಪ್ಯಾಂಟಿನ ಜೇಬು ತಟ್ಟಿ ತೋರಿಸಿದರು. ಒಳಗೆ ಇನ್ನೊಂದು ಬ್ಯಾಟರಿ.

ಕೇಳೋದಕ್ಕೂ ಖರ್ಚಿದೆ. ಈ ಸತ್ಯ ಮೊದಲು ಗೊತ್ತಾಗಿದ್ದು ಎರಡನೇ ಮಹಾಯುದ್ಧದ ಸೈನಿಕರಿಗೆ. ಅಮೆರಿಕದ ಗ್ಯಾಲ್ವಿನ್ ಕಂಪನಿ, ಅಂದ್ರೆ ಆಮೇಲೆ ಮೊಟೊರೊಲಾ ಅಂತ ಹೆಸರಾದದ್ದು, 1941ರ ಹೊತ್ತಿಗೆ ಎಸ್‌ಸಿಆರ್-536 ಅನ್ನೋ ಸೆಟ್ ಮಾಡಿತು. ಒಂದೇ ಕೈಯಲ್ಲಿ ಹಿಡಿಯಬಹುದಾಗಿತ್ತು, ತೂಕ ಮಾತ್ರ ಎರಡು ಕೇಜಿಗೂ ಹೆಚ್ಚು. (ಅದಕ್ಕೆ ಅವರಿಟ್ಟ ಹೆಸರು ಹ್ಯಾಂಡಿಟಾಕಿ. ವಾಕಿಟಾಕಿ ಅಂತಿದ್ದದ್ದು ಬೆನ್ನಿಗೆ ಕಟ್ಟಿಕೊಳ್ಳೋ ದೊಡ್ಡ ಸೆಟ್ಟಿಗೆ. ನಾವು ಬೆನ್ನಿನ ಹೆಸರನ್ನ ಕೈಗೆ ಕೊಟ್ಟಿದ್ದೀವಿ, ಇರಲಿ.) ಅದರೊಳಗೆ ಇದ್ದದ್ದು ಐದು ವಾಲ್ವ್. ಹಳೇ ರೇಡಿಯೋ ನೋಡಿದವರಿಗೆ ನೆನಪಿರುತ್ತೆ, ವಾಲ್ವ್ ಕಾದು ಕೆಂಪಾಗದೆ ದನಿ ಬರೋದಿಲ್ಲ. ಹಾಗಾಗಿ ಎರಡು ಬ್ಯಾಟರಿ: ಒಂದು ಬರೀ ಒಲೆ ಉರಿಸೋಕೆ, ಇನ್ನೊಂದು ನೂರು ವೋಲ್ಟಿಗೂ ಮೀರಿದ್ದು, ಕೆಲಸಕ್ಕೆ. ನೆಂಟರು ಬರಲಿ ಬಿಡಲಿ, ಒಲೆ ಉರೀತಾನೇ ಇರಬೇಕು.

ಆ ಸೆಟ್ಟಿಗೆ ಆನ್-ಆಫ್ ಸ್ವಿಚ್ಚೇ ಇರಲಿಲ್ಲ ಗೊತ್ತಾ? ಆಂಟೆನಾ ಹೊರಗೆ ಎಳೆದ್ರೆ ಆನ್, ಒಳಗೆ ತಳ್ಳಿದ್ರೆ ಆಫ್. ಮರೆತು ಆನ್ ಬಿಟ್ಟು ಬ್ಯಾಟರಿ ತಿನ್ನಿಸೋ ಪ್ರಶ್ನೆಯೇ ಇಲ್ಲ, ಉದ್ದನೆ ಕಡ್ಡಿ ಎದ್ದು ಕಾಣುತ್ತಲ್ಲ. ಆದರೆ ಆಂಟೆನಾ ಮಡಚಿಟ್ಟವನನ್ನ ಯಾರು ಕೂಗಿದ್ರೂ ಅವನಿಗೆ ಕೇಳಿಸೋದಿಲ್ಲ. ಬ್ಯಾಟರಿ ಉಳಿಸಬೇಕಾ, ಕಿವಿ ತೆರೆದಿಡಬೇಕಾ? ಅಲ್ಲಿಂದ ಇಲ್ಲಿವರೆಗಿನ ವಾಕಿಟಾಕಿ ಚರಿತ್ರೆಯಲ್ಲಿ ಎಂಜಿನಿಯರುಗಳು ಗುದ್ದಾಡಿದ್ದು ಇದೊಂದರ ಜೊತೆಗೇ.

1947ರ ಕೊನೆಗೆ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಬಂತು, ಒಲೆ ಆರಿತು. ಬಿಸಿ ಮಾಡೋ ಬ್ಯಾಟರಿಯೇ ಬೇಡ. ನಮ್ಮ ಬೆಂಗಳೂರಿನ ಜಾಲಹಳ್ಳಿಯೂ ಇದೇ ದಾರಿಯಲ್ಲಿ ನಡೆದು ಬಂದಿದೆ. 1954ರಲ್ಲಿ ಶುರುವಾದ ಬಿಇಎಲ್ 1956ರಲ್ಲಿ ತನ್ನ ಮೊದಲ ಟ್ರಾನ್ಸ್‌ಸೀವರ್ ತಯಾರಿಸಿತು, 1961ರಲ್ಲಿ ವಾಲ್ವ್, 1962ರಲ್ಲಿ ಜರ್ಮೇನಿಯಂ ಸೆಮಿಕಂಡಕ್ಟರ್. ವಾಲ್ವಿಗೂ ಸೆಮಿಕಂಡಕ್ಟರಿಗೂ ನಡುವೆ ಒಂದೇ ವರ್ಷ. ಜಗತ್ತು ಅಷ್ಟು ವೇಗವಾಗಿ ಬದಲಾಗ್ತಿತ್ತು.

ಈಗ ನನ್ನ ಬೆಟ್ಟದ ಲೆಕ್ಕಕ್ಕೆ ಬನ್ನಿ. ಬ್ಯಾಟರಿಯನ್ನ ಒಂದು ಪರ್ಸ್ ಅಂದ್ಕೊಳ್ಳಿ, ಒಳಗೆ 1500 ರೂಪಾಯಿ ಇದೆ. ಐದು ವ್ಯಾಟಿನ ಸಾಮಾನ್ಯ ಸೆಟ್ಟು ಗಂಟೆಯಿಡೀ ಬಟನ್ ಒತ್ತಿ ಮಾತಾಡಿದ್ರೆ ಹೆಚ್ಚುಕಮ್ಮಿ 1500 ಖರ್ಚು. ಬೇರೆಯವರ ಮಾತು ಸ್ಪೀಕರಿನಲ್ಲಿ ಬರ್ತಿದ್ರೆ ಗಂಟೆಗೆ 250. ಏನೂ ಮಾತಿಲ್ಲ, ಬರೀ ಕಾಯ್ತಾ ಕೂತಿದೆ ಅಂದ್ರೆ 75. ಕಂಪನಿಗಳು ಬಾಳಿಕೆ ಹೇಳೋದು 5-5-90 ಅನ್ನೋ ಸೂತ್ರದಲ್ಲಿ: ನೂರಕ್ಕೆ ಐದು ಪಾಲು ಮಾತು, ಐದು ಪಾಲು ಕೇಳೋದು, ಉಳಿದ ತೊಂಬತ್ತು ಕಾಯೋದು. ಹಾಗೆ ಕೂಡಿಸಿದ್ರೆ ಗಂಟೆಗೆ ಸುಮಾರು 155, ಅಂದ್ರೆ ಹತ್ತಿರ ಹತ್ತಿರ ಹತ್ತು ಗಂಟೆ. ಬಾಡಿಗೆಯವನು ಸುಳ್ಳು ಹೇಳಿರಲಿಲ್ಲ! ಆ 155ರಲ್ಲಿ ಮಾತಿನ ಪಾಲು 75, ಸುಮ್ಮನೆ ಕಾದಿದ್ದಕ್ಕೆ 67. ನೋಡಿದ್ರಾ? ಕಾಯೋ ಸೆಟ್ಟು ಮಾತಾಡೋ ಸೆಟ್ಟಿನಷ್ಟೇ ತಿನ್ನುತ್ತೆ.

ಆದರೆ ಜಾತ್ರೆಗೆ 5-5-90 ಗೊತ್ತಿಲ್ಲ. ನಮ್ಮ ಚಾನೆಲ್ಲಿನಲ್ಲಿ ಡ್ರೈವರ್, ಕ್ಯಾಮೆರಾಮನ್, ಪ್ರೊಡ್ಯೂಸರ್, ಕಾಫಿ ತರೋ ಹುಡುಗ ಎಲ್ಲರ ದನಿಯೂ ಅದರಲ್ಲೇ. ಕೇಳೋ ಪಾಲು ಐದರಿಂದ ಅರವತ್ತಕ್ಕೆ ಏರಿತ್ತು. ಗಂಟೆಗೆ ಹತ್ತಿರ ಹತ್ತಿರ 195. ಮೇಲಾಗಿ ಬ್ಯಾಟರಿ ಹಳೇದು. 1500ರ ಪರ್ಸಿನಲ್ಲಿ 900 ಹಿಡಿಸಿದ್ರೆ ಹೆಚ್ಚು. ನಾಲ್ಕೂವರೆ ಗಂಟೆಗೆ ಮುಗೀತು. ಪೇದೆ ಒಂದೇ ವಾಕ್ಯದಲ್ಲಿ ಹೇಳಿದ್ದನ್ನ ನಾನು ಕಾಗದದ ಮೇಲೆ ಕೂಡಿಸಿ ತಿಳ್ಕೊಂಡೆ.

ಅದೇ ಹಾಸನ ಜಿಲ್ಲೆಯ ಇನ್ನೊಂದು ತುದಿಗೆ, ಆಲೂರು-ಸಕಲೇಶಪುರದ ಕಾಫಿ ತೋಟಕ್ಕೆ ಹೋಗಿ, ಲೆಕ್ಕ ತಲೆಕೆಳಗು. ರಾತ್ರಿಯೆಲ್ಲಾ ಕಾಡಾನೆ ಹಿಂದೆ ತಿರುಗೋ ಅರಣ್ಯ ಸಿಬ್ಬಂದಿ ಹೆಚ್ಚು ಮಾತಾಡೋದಿಲ್ಲ. ಮಾತು ಒಂದು ಪಾಲು, ಕೇಳೋದು ಒಂದು ಪಾಲು ಅಂತಿಟ್ಕೊಂಡ್ರೆ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತು ಬರೀ ಕಾಯೋದಕ್ಕೇ ಹೋಗುತ್ತೆ. ಇದಕ್ಕೇ ಬ್ಯಾಟರಿ ಸೇವರ್ ಬಂದದ್ದು. ಸೆಟ್ಟು ಚೂರು ಹೊತ್ತು ನಿದ್ದೆ ಮಾಡುತ್ತೆ, ಸೆಕೆಂಡಿನೊಳಗೇ ಎದ್ದು ಯಾರಾದ್ರೂ ಕರೀತಿದ್ದಾರಾ ಅಂತ ಕಿವಿಗೊಡುತ್ತೆ, ಮತ್ತೆ ಮಲಗುತ್ತೆ. ಆಂಟೆನಾ ಎಳೆಯೋದು, ಮಡಚೋದು, ಆ ಕೆಲಸವನ್ನೇ ಈಗ ಸೆಟ್ಟು ತಾನೇ ಮಾಡ್ಕೊಳ್ಳುತ್ತೆ. ಆದರೆ ಅದು ನಿದ್ದೆಯಲ್ಲಿರುವಾಗ ಬಂದ ಮೊದಲ ಪದ ಕಳೆದುಹೋಗಬಹುದು. "ಎಡಕ್ಕೆ ಬರ್ತಿದೆ" ಅಂತ ಕೂಗಿದ್ದು "ಬರ್ತಿದೆ" ಅಂತಷ್ಟೇ ಕೇಳಿಸಿದ್ರೆ? ಆನೆ ಎದುರು ನಿಂತವನಿಗೆ ಬೇಕಾಗಿದ್ದದ್ದು ಆ ಎಡ-ಬಲವೇ. ಅದಕ್ಕೇ ತಿಳಿದವರು ಬಟನ್ ಒತ್ತಿ, ಒಂದು ಉಸಿರು ತಡೆದು, ಆಮೇಲೆ ಮಾತು ಶುರು ಮಾಡ್ತಾರೆ.

ಬ್ಯಾಟರಿಯೂ ಬದಲಾಗಿದೆ. ನಿಕಲ್-ಕ್ಯಾಡ್ಮಿಯಂ ಕಾಲದಲ್ಲಿ ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಇಡಬೇಕು ಅಂತಿದ್ರು. 1991ರಲ್ಲಿ ಸೋನಿ ಮಾರುಕಟ್ಟೆಗೆ ತಂದ ಲಿಥಿಯಂ-ಅಯಾನ್‌ಗೆ ಆ ಪಥ್ಯ ಬೇಡ, ಪೂರ್ತಿ ಖಾಲಿ ಮಾಡಿದ್ರೇ ಅದಕ್ಕೆ ಕೆಡುಕು. ಆದರೂ ಹಳೇ ಅಭ್ಯಾಸದವರು ಇವತ್ತಿಗೂ ಸೆಟ್ಟು ಸಾಯೋವರೆಗೆ ಕಾದು ಚಾರ್ಜ್ ಮಾಡ್ತಾರೆ.

ಅವತ್ತು ಮಧ್ಯಾಹ್ನ 3ಕ್ಕೆ ಮತ್ತೆ ಆ ಮುಖ್ಯಪೇದೆ ಕಂಡರು. ಬ್ಯಾಟರಿ ಬದಲಾಯಿಸಿ, ಖಾಲಿಯಾದದ್ದನ್ನ ಕರ್ಚೀಫಿನಲ್ಲಿ ಸುತ್ತಿ ಇನ್ನೊಂದು ಜೇಬಿಗೆ ಹಾಕ್ಕೊಂಡ್ರು. ಎರಡನ್ನೂ ಒಂದೇ ಜೇಬಲ್ಲಿ ಇಟ್ರೆ ಕತ್ತಲಲ್ಲಿ ಯಾವುದು ತುಂಬಿದ್ದು ಅಂತ ಗೊತ್ತಾಗಲ್ಲವಂತೆ. 12 ವರ್ಷದ ಲೆಕ್ಕದಲ್ಲಿ ಮುಂದಿನ ಮಹಾಮಸ್ತಕಾಭಿಷೇಕ 2030ಕ್ಕೆ. ಆ ಬೆಟ್ಟದ ಮೆಟ್ಟಿಲ ಮೇಲೆ ಲಕ್ಷಾಂತರ ಜನರ ನಡುವೆ ನಿಲ್ಲೋರಿಗೆ ಸೆಟ್ಟು ಕೊಡುವಾಗ, ಎರಡನೇ ಬ್ಯಾಟರಿಗೂ ಹಳೇದರ ಬದಲಾವಣೆಗೂ ಟೆಂಡರಿನಲ್ಲಿ ಒಂದು ಸಾಲು ಇರುತ್ತಾ? ನಾನಂತೂ ಆ ಕಾಗದ ತರಿಸಿ ನೋಡ್ತೀನಿ.