ಓಡಿಸಿದ ನಾದವನ್ನು ಮರಳಿ ಕರೆದ ಕಥೆ

ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಬಿಡಿಬಿಡಿಯಾಗಿ ಹಲವು ಬಾರಿ ಮರಳಿ ಕೇಳುತ್ತದೆ. ಅದು ಪ್ರತಿಧ್ವನಿ. ಬಚ್ಚಲುಮನೆಯಲ್ಲಿ ಹಾಡಿದರೆ ಹಾಗೆ ಎಣಿಸಲು ಬರುವುದಿಲ್ಲ. ಗೋಡೆಗಳಿಗೆ ಬಡಿದು ಮರಳಿದ ಅಸಂಖ್ಯ ಅಲೆಗಳು ಒಂದರೊಳಗೊಂದು ಬೆರೆತು ದನಿಗೆ ಬಾಲದಂತೆ ಅಂಟಿಕೊಳ್ಳುತ್ತವೆ. ಇದು ಅನುರಣನ. ಧ್ವನಿಮುದ್ರಣದವರು ಇದನ್ನೇ 'ರಿವರ್ಬ್' ಎನ್ನುತ್ತಾರೆ.

ಇಂದು ಹಾಡಿಗೆ ಅಲಂಕಾರವಾಗಿರುವ ಈ ಅನುರಣನ ಒಂದು ಕಾಲಕ್ಕೆ ಪೀಡೆಯೆನಿಸಿತ್ತು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರದಲ್ಲಿ ಅಧ್ಯಾಪಕರ ಮಾತೇ ತಿಳಿಯುತ್ತಿರಲಿಲ್ಲ. ಆಡಿದ ಒಂದು ಪದ ಅಡಗಲು ಐದೂವರೆ ಸೆಕೆಂಡು ಬೇಕಿತ್ತು. ಅಷ್ಟರಲ್ಲಿ ಮುಂದಿನ ಹತ್ತು-ಹದಿನೈದು ಅಕ್ಷರಗಳು ಅದರ ಮೇಲೆ ಬಂದು ಬೀಳುತ್ತಿದ್ದವು. ಇದನ್ನು ಸರಿಪಡಿಸುವ ಹೊಣೆ ಹೊತ್ತವರು ವ್ಯಾಲೇಸ್ ಸಬೀನ್ ಎಂಬ ತರುಣ ಭೌತವಿಜ್ಞಾನಿ. ಸಮೀಪದ ರಂಗಮಂದಿರದ ಆಸನಗಳ ದಿಂಬುಗಳನ್ನು ರಾತ್ರಿ ಹೊತ್ತು ತಂದು, ಆರ್ಗನ್ ಕೊಳವೆಯ ನಾದ ಹೊರಡಿಸಿ, ಅದು ಅಡಗುವ ಕಾಲವನ್ನು ಅವರು ಅಳೆದರು. ದಿಂಬು ಹೆಚ್ಚಿದಷ್ಟೂ ನಾದದ ಬಾಲ ಮೋಟಾಯಿತು.

ಈ ಪಾಠವನ್ನು ಸ್ಟುಡಿಯೋಗಳು ಅತಿಯಾಗಿಯೇ ಕಲಿತವೆನ್ನಬೇಕು. ಮೆತ್ತೆ ಹೊದಿಸಿದ ಕೊಠಡಿಯಲ್ಲಿ ಹಾಡಿದ ದನಿ ಸ್ಫುಟ, ಆದರೆ ಒಣಕಲು. ಸಿನಿಮಾ, ರೇಡಿಯೋದವರು ಪ್ರತಿಧ್ವನಿ ಕೊಠಡಿಗಳನ್ನು ಬಳಸುತ್ತಿದ್ದುದುಂಟು. ಜನಪ್ರಿಯ ಗಾನಮುದ್ರಿಕೆಯಲ್ಲಿ ಅದು ಎದ್ದು ಕೇಳಿದ್ದು 1947ರಲ್ಲಿ. ಷಿಕಾಗೋದ ಬಿಲ್ ಪಟ್ನಮ್, ಮೂವರು ಮೌತ್ ಆರ್ಗನ್ ವಾದಕರ 'ಹಾರ್ಮೊನಿಕ್ಯಾಟ್ಸ್' ತಂಡದ 'ಪೆಗ್ ಓ ಮೈ ಹಾರ್ಟ್' ಮುದ್ರಿಸುವಾಗ ಸ್ಟುಡಿಯೋದ ಬಚ್ಚಲುಮನೆಯನ್ನೇ ಪ್ರತಿಧ್ವನಿ ಕೊಠಡಿ ಮಾಡಿಕೊಂಡರು. ಅಲ್ಲಿಟ್ಟ ಸ್ಪೀಕರಿನಲ್ಲಿ ವಾದನವನ್ನು ನುಡಿಸಿ, ಗೋಡೆಗಳಿಂದ ಮರಳಿದ ನಾದವನ್ನು ಮೈಕಿನಲ್ಲಿ ಹಿಡಿದು ಮೂಲಕ್ಕೆ ಬೆರೆಸಿದರು. ಅಷ್ಟು ಹೊತ್ತು ಬಚ್ಚಲು ಬಂದ್ ಎಂದು ಬೇರೆ ಹೇಳಬೇಕಿಲ್ಲ! ಅಂದಿನಿಂದ ಹಾಡುವ ಜಾಗ ಒಂದು, ಕೇಳಿಸುವ ಜಾಗ ಇನ್ನೊಂದು ಎಂಬಂತಾಯಿತು.

ಎಲ್ಲರಲ್ಲೂ ಅಂಥ ಕೊಠಡಿ ಇರಬೇಕಲ್ಲ? 1957ರಲ್ಲಿ ಜರ್ಮನಿಯ ಇಎಂಟಿ ಕಂಪೆನಿ ಕೊಠಡಿಯ ಬದಲು ಉಕ್ಕಿನ ತಗಡು ತಂದಿತು. ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ, ದಪ್ಪ ಮಾತ್ರ ಅರ್ಧ ಮಿಲಿಮೀಟರ್. ಚೌಕಟ್ಟಿನಲ್ಲಿ ಬಿಗಿದು ತೂಗುಹಾಕಿದ ಆ ತಗಡನ್ನು ಹಾಡಿನ ನಾದದಿಂದ ನಡುಗಿಸಿದರೆ ಕಂಪನ ಅಂಚಿಗೆ ಬಡಿದು ಮರಳುತ್ತಿತ್ತು. ಕಿವಿ ಅದನ್ನು ಸಭಾಂಗಣವೆಂದೇ ನಂಬುತ್ತಿತ್ತು. 1976ರಲ್ಲಿ ಅದೇ ಕಂಪೆನಿ ತಗಡನ್ನೂ ಬಿಟ್ಟು, ಬರೀ ಅಂಕಿಗಳ ಲೆಕ್ಕದಿಂದಲೇ ಅನುರಣನ ಹುಟ್ಟಿಸುವ ಯಂತ್ರ ಮಾಡಿತು.

ಈಗ ಹಳೆಯ ಇಗರ್ಜಿಯೊಂದರಲ್ಲಿ ಬಲೂನು ಒಡೆದು, ಆ ಸದ್ದಿನ ಬಾಲವನ್ನು ಮುದ್ರಿಸಿಕೊಂಡರೆ ಸಾಕು. ಅಲ್ಲಿ ಎಂದೂ ಕಾಲಿಡದ ಗಾಯಕಿಯ ದನಿಯನ್ನು ಕಂಪ್ಯೂಟರ್ ಅಲ್ಲಿಗೆ ಒಯ್ಯುತ್ತದೆ. ಬಾಲ ಅಳತೆ ಮೀರಿದರೆ ಹಾಡಿನ ಮಾತು ಮುಳುಗುವುದು ಮಾತ್ರ ಹಾರ್ವರ್ಡಿನಲ್ಲಿ ಆದಂತೆಯೇ. ಅದನ್ನು ಹಿಗ್ಗಿಸಿ ಕುಗ್ಗಿಸುವ ಗುಂಡಿಯ ಮೇಲೆ ಇಂದಿಗೂ ಇರುವುದು ಸಬೀನ್ ಅಳೆದ ಸೆಕೆಂಡುಗಳೇ.