ಬಸುರಿಯ ವಸಡು: ಅರವತ್ತು ವರ್ಷಗಳ ಹುಡುಕಾಟ

ಒಂದು ಹೆರಿಗೆಗೆ ಒಂದು ಹಲ್ಲು ಹೋಯಿತೆಂದೇ ಲೆಕ್ಕ ಎಂಬ ಮಾತು ಯುರೋಪಿನಲ್ಲಿ ಬಹಳ ಹಳೆಯದು. ಹೊಟ್ಟೆಯಲ್ಲಿರುವ ಮಗು ತಾಯಿಯ ಹಲ್ಲಿನ ಸುಣ್ಣದಂಶ ಹೀರುತ್ತದೆ ಎನ್ನುವವರು ನಮ್ಮಲ್ಲೂ ಇದ್ದಾರೆ. ಇದು ಸುಳ್ಳು. ಮಗುವಿಗೆ ಬೇಕಾದ ಕ್ಯಾಲ್ಸಿಯಂ ತಾಯಿಯ ಊಟದಿಂದ ಬರುತ್ತದೆ. ಅದು ಸಾಲದಿದ್ದರೆ ಅವಳ ಮೂಳೆಯಿಂದ. ಹಲ್ಲಿನಲ್ಲಿರುವುದನ್ನು ಮೈ ಹಿಂದಕ್ಕೆ ಪಡೆಯಲಾರದು.

ಆದರೆ ಬಸುರಿಯರ ವಸಡು ಊದಿಕೊಂಡು ರಕ್ತ ಒಸರುವುದು ಮಾತ್ರ ನಿಜ. ಅದನ್ನು ಅಳೆಯುವುದು ಹೇಗೆಂದು ತೋರಿಸಿದವರು ದಂತ ಸಂಶೋಧಕರಾದ ಹರಾಲ್ಡ್ ಲೋ ಮತ್ತು ಸಿಲ್ನೆಸ್. 1963ರ ಅವರ ಅಂಕ ಪದ್ಧತಿ ತೀರಾ ಸರಳ: ವಸಡು ಚೆನ್ನಾಗಿದ್ದರೆ 0, ತುಸು ಕೆಂಪಾಗಿದ್ದರೆ 1, ಸಲಾಕೆ ತಾಗಿಸಿದಾಗ ರಕ್ತ ಬಂದರೆ 2, ತಾನಾಗಿಯೇ ರಕ್ತ ಬರುತ್ತಿದ್ದರೆ 3. ಹೀಗೆ ಅಳೆದಾಗ ಉರಿಯೂತ ಎರಡನೇ ತಿಂಗಳಿಂದ ಏರುತ್ತಾ ಹೋಗಿ, ಎಂಟನೇ ತಿಂಗಳಲ್ಲಿ ತುದಿ ಮುಟ್ಟಿ, ಹೆರಿಗೆಯಾದ ಮೇಲೆ ಇಳಿಯುವುದು ಕಂಡಿತು. ಇಂದಿಗೂ ದಂತ ಕಾಲೇಜುಗಳಲ್ಲಿ ಇದೇ ಅಂಕಗಳನ್ನು ಕಲಿಸುತ್ತಾರೆ.

ಕಾರಣದ ಒಂದು ಎಳೆ 1980ರಲ್ಲಿ ಸಿಕ್ಕಿತು. ಸಂಶೋಧಕರಾದ ಕಾರ್ನ್‌ಮನ್ ಮತ್ತು ಲೋಶೆ ಗಮನಿಸಿದಂತೆ, ಬಸಿರಿನಲ್ಲಿ ಏರುವ ಪ್ರೊಜೆಸ್ಟರಾನ್, ಈಸ್ಟ್ರೋಜನ್ ಹಾರ್ಮೋನುಗಳನ್ನು ವಸಡಿನ ಸಂದಿಯಲ್ಲಿರುವ ಒಂದು ಜಾತಿಯ ಬ್ಯಾಕ್ಟೀರಿಯಾ ವಿಟಮಿನ್ ಕೆ ಬದಲಿಗೆ ಬಳಸಿಕೊಂಡು ಬೆಳೆಯಬಲ್ಲದು. ಅಂದರೆ ಹಾರ್ಮೋನು ಒಂದೇ ದೋಷಿಯಲ್ಲ. ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿಕೊಂಡಿದ್ದರೆ ಹಾರ್ಮೋನು ಆ ಪಾಚಿಗೆ ಬಲ ಕೊಡುತ್ತದೆ.

ದೊಡ್ಡ ಗದ್ದಲ ಎದ್ದದ್ದು 1996ರಲ್ಲಿ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಸ್ಟೀವನ್ ಆಫೆನ್‌ಬಾಕರ್ ತಂಡ 124 ಮಹಿಳೆಯರನ್ನು ಪರೀಕ್ಷಿಸಿ, ತೀವ್ರ ವಸಡು ರೋಗಕ್ಕೂ ದಿನ ತುಂಬದ, ತೂಕ ಕಡಿಮೆಯ ಮಕ್ಕಳಿಗೂ ಗಟ್ಟಿಯಾದ ನಂಟಿದೆ ಎಂದಿತು. 2002ರಲ್ಲಿ ಚಿಲಿಯ ವೈದ್ಯರು, ವಸಡಿಗೆ ಚಿಕಿತ್ಸೆ ಪಡೆದವರಲ್ಲಿ ಇಂಥ ಹೆರಿಗೆಗಳು ಗಣನೀಯವಾಗಿ ಕಡಿಮೆಯಾದವು ಎಂದು ವರದಿ ಮಾಡಿದರು. ಬೆಂಗಳೂರಿನಲ್ಲಿ 200 ಗರ್ಭಿಣಿಯರ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದ ಒಲವೂ ಅದೇ ಕಡೆಗೆ.

ಅಷ್ಟರಲ್ಲೇ, 2006ರಲ್ಲಿ, ಮೈಕಲೋವಿಚ್ ಮತ್ತು ಸಂಗಡಿಗರ ದೊಡ್ಡ ಪ್ರಯೋಗದ ಫಲಿತಾಂಶ ಬಂದಿತ್ತು. 823 ಗರ್ಭಿಣಿಯರಲ್ಲಿ ಒಂದು ಗುಂಪಿಗೆ 21 ವಾರದೊಳಗೆ, ಇನ್ನೊಂದಕ್ಕೆ ಹೆರಿಗೆಯ ನಂತರ ಹಲ್ಲು ಶುಚಿ ಮಾಡಿ ಹೋಲಿಸಿದರು. ಅವಧಿಗೆ ಮುನ್ನ ಹೆತ್ತವರು ಶೇ. 12.0 ಮತ್ತು ಶೇ. 12.8. ವ್ಯತ್ಯಾಸ ಇಲ್ಲವೆಂದೇ ಹೇಳಬೇಕು. ಮುಂದೆ ಅಮೆರಿಕದಲ್ಲಿ ಆಫೆನ್‌ಬಾಕರ್ ತಂಡವೇ ನಡೆಸಿದ ದೊಡ್ಡ ಪ್ರಯೋಗವೂ ಲಾಭ ತೋರಿಸಲಿಲ್ಲ. ತಮ್ಮದೇ ಊಹೆಯನ್ನು ತಾವೇ ಪರೀಕ್ಷೆಗೆ ಒಡ್ಡಿದರಲ್ಲ, ಅದು ಮೆಚ್ಚಬೇಕಾದ್ದು.

ಹಾಗೆಂದು ಕತೆ ಮುಗಿಯಲಿಲ್ಲ. ಮಲಾವಿಯಲ್ಲಿ ಬಾಯಿಯ ಆರೋಗ್ಯಕ್ಕೆಂದು, ಕ್ಸೈಲಿಟಾಲ್ ಎಂಬ ಸಕ್ಕರೆ ಬದಲಿ ಹಾಕಿದ ಚೂಯಿಂಗ್ ಗಮ್ ಕೊಟ್ಟು ನೋಡಿದ ಸುಮಾರು 10,000 ಗರ್ಭಿಣಿಯರ ಅಧ್ಯಯನ 2022ರಲ್ಲಿ ಹೊರಬಂತು. ಗಮ್ ಅಗಿದ ಕಡೆ ಅವಧಿಪೂರ್ವ ಹೆರಿಗೆ ಶೇ. 12.6, ಉಳಿದೆಡೆ ಶೇ. 16.5. ಬೇರೆ ಕಡೆಯೂ ಹೀಗೇ ಆಗುವುದೇ ಎಂದು ನೋಡಿದ ಮೇಲಷ್ಟೇ ಇದನ್ನು ನಂಬಬಹುದು.

ನನಗೆ ಇಡೀ ಚರ್ಚೆಯಲ್ಲಿ ಮುಖ್ಯವೆನಿಸುವುದು 2006ರ ಪ್ರಯೋಗದ ಇನ್ನೊಂದು ತೀರ್ಮಾನ: ಗರ್ಭಿಣಿಗೆ ವಸಡಿನ ಚಿಕಿತ್ಸೆ ಸುರಕ್ಷಿತ. ಮಗುವಿಗೆ ಲಾಭವಿದೆಯೋ ಇಲ್ಲವೋ ಎಂದು ಜಗಳವಾಡುತ್ತಾ, ನೋವು ತಿನ್ನುತ್ತಿರುವ ಹೆಂಗಸನ್ನೇ ಮರೆತೆವು. ಅವಳ ಹಲ್ಲನ್ನು ಉಳಿಸಲು ಮಗುವಿನ ಹೆಸರು ಹೇಳಬೇಕಾಗಿಲ್ಲ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2013ರಲ್ಲಿ, ಹೊಟ್ಟೆಗೆ ರಕ್ಷಾಕವಚ ಹಾಕಿ ತೆಗೆಯುವ ಎಕ್ಸ್‌ರೇ, ಮರಗಟ್ಟಿಸುವ ಇಂಜೆಕ್ಷನ್ ಎರಡಕ್ಕೂ ಹೆದರಬೇಕಿಲ್ಲ ಎಂದು ಸ್ಪಷ್ಟಪಡಿಸಿತು. ಆದರೂ 'ಬಸುರಿ ಹಲ್ಲು ಕೀಳಿಸಬಾರದು' ಎಂದು ಹಿರಿಯರು ತಡೆಯುವ, 'ಹೆರಿಗೆಯಾದ ಮೇಲೆ ಬಾಮ್ಮ' ಎಂದು ವೈದ್ಯರೇ ವಾಪಸು ಕಳಿಸುವ ರೂಢಿ ಹೋಗಿಲ್ಲ. ಟೆಟ್ರಾಸೈಕ್ಲಿನ್‌ನಂಥ ಕೆಲವು ಔಷಧಿಗಳು ಮಾತ್ರ ಬೇಡ. ಅವು ಮಗುವಿನ ಹಲ್ಲಿನ ಬಣ್ಣ ಕೆಡಿಸುತ್ತವೆ.

ಇನ್ನು ಬಸುರಿಯರು ದಿನವೂ ನೆನಪಿಡಬೇಕಾದ ಮಾತು. ಬೆಳಿಗ್ಗೆ ವಾಂತಿಯಾದ ಕೂಡಲೇ ಬ್ರಷ್ ಹಿಡಿಯಬೇಡಿ. ಹೊಟ್ಟೆಯ ಆಮ್ಲ ತಾಗಿ ಮೆತ್ತಗಾದ ಹಲ್ಲಿನ ಹೊರಪದರ ಉಜ್ಜಿದರೆ ಸವೆಯುತ್ತದೆ. ಒಂದು ಲೋಟ ನೀರಿಗೆ ಚಮಚ ಅಡುಗೆ ಸೋಡಾ ಹಾಕಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ. ವಸಡಿನಲ್ಲಿ ರಕ್ತ ಬಂತೆಂದು ಉಜ್ಜುವುದನ್ನು ನಿಲ್ಲಿಸಬೇಡಿ, ಮೆತ್ತನೆ ಬ್ರಷ್‌ಗೆ ಬದಲಾಯಿಸಿಕೊಳ್ಳಿ. ನಾಲ್ಕರಿಂದ ಆರನೇ ತಿಂಗಳು ದಂತವೈದ್ಯರ ಕುರ್ಚಿಯಲ್ಲಿ ಕೂರಲು ಹಿತವಾದ ಕಾಲ. ನೋವೋ ಕೀವೋ ಇದ್ದರೆ ಆ ತಿಂಗಳಿಗೂ ಕಾಯಬೇಡಿ.